ಮಿಲ್ಲಿಗೆ ಯಾವ ಮ್ಯಾಗ್ನೆಟ್? ನಿಯೋಡಿಮಿಯಂ, ಸಮೇರಿಯಂ, ಫೆರೈಟ್ ಪಕ್ಕಪಕ್ಕ ಇಟ್ಟು ನೋಡಿದಾಗ

ನನ್ನ ಅಂಗಡಿಗೆ ಮ್ಯಾಗ್ನೆಟ್ ಕೇಳಿಕೊಂಡು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಷ್ಟು ಗಾಸ್ ಇದೆ?" ಗಾಸ್ ಅಂದರೆ ಮ್ಯಾಗ್ನೆಟ್ಟಿನ ಬಲದ ಅಳತೆ. ಹನ್ನೆರಡು ಸಾವಿರ ಅಂದರೆ ಮುಖ ಅರಳುತ್ತದೆ. ಮೂರು ಸಾವಿರ ಅಂದರೆ ಎದ್ದು ಹೊರಡುತ್ತಾರೆ. ನಾನು ತಿರುಗಿ ಕೇಳುವುದು ಬೇರೆ. ಎಲ್ಲಿ ಕೂರಿಸ್ತೀರಿ? ಅಲ್ಲಿ ಬಿಸಿ ಎಷ್ಟಿರುತ್ತೆ? ನೀರು, ಆವಿ ತಾಕುತ್ತಾ? ಕಾಳಿನ ಹರಿವು ಎಷ್ಟು ದಪ್ಪ? ಇಷ್ಟು ಗೊತ್ತಾದರೆ ಗಾಸ್ ವಿಷಯ ಆಮೇಲೆ ಮಾತಾಡಬಹುದು.

ನಮ್ಮ ಕಡೆ ಮ್ಯಾಗ್ನೆಟ್ ಬೇಕಾಗುವ ಜಾಗ ಒಂದೆರಡಲ್ಲ. ಭದ್ರಾ ನಾಲೆಯ ಭತ್ತ ನಂಬಿದ ಮಲೇಬೆನ್ನೂರು, ಹರಿಹರದ ರೈಸ್ ಮಿಲ್‌ಗಳು. ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಮೇಲೆ ನಿಂತ ಪಶು ಆಹಾರ, ಕೋಳಿ ಆಹಾರದ ಮಿಲ್‌ಗಳು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್‌ಗಳು. ಇನ್ನು ಓಣಿ ಓಣಿಯ ಹಿಟ್ಟಿನ ಗಿರಣಿ, ಖಾರದ ಪುಡಿ ಮಿಲ್ಲು. ಎಲ್ಲ ಕಡೆ ಕಾಟ ಕೊಡುವುದು ಕಬ್ಬಿಣದ ಚೂರು. ಒಕ್ಕಣೆ ಯಂತ್ರದಿಂದ ಕಳಚಿದ ನಟ್ಟು, ಗೋಣಿಚೀಲ ಹೊಲಿಯುವಾಗ ಮುರಿದ ದಬ್ಬಣದ ತುದಿ, ಬೇಲಿ ತಂತಿಯ ತುಂಡು, ಯಂತ್ರವೇ ಸವೆದು ಉದುರಿದ ಪುಡಿ. ಭತ್ತದ ಹೊಟ್ಟು ಬಿಡಿಸುವ ರಬ್ಬರ್ ರೋಲಿಗೆ ಒಂದು ಬೋಲ್ಟು ಸಿಕ್ಕಿದರೆ ಆ ರೋಲಿನ ಕಥೆ ಅಲ್ಲಿಗೆ ಮುಗಿಯಿತು. ಜೋಳ ಬಡಿದು ಪುಡಿ ಮಾಡುವ ಹ್ಯಾಮರ್ ಮಿಲ್ಲಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದು ಕಿಡಿ ಹಾರಿದರೆ ಜೋಳದ ಧೂಳೇ ಹೊತ್ತಿಕೊಳ್ಳುತ್ತದೆ. ಪಶು ಆಹಾರದಲ್ಲಿ ತಂತಿ ಉಳಿದರೆ ಅದು ಹಸುವಿನ ಹೊಟ್ಟೆ ಚುಚ್ಚಿ, ಅಲ್ಲಿಂದ ಹೃದಯದ ಕಡೆಗೂ ಹೋಗಬಹುದು. ಅದಕ್ಕೇ ಕೆಲವು ಕಡೆ ಹಸುವಿಗೇ ಬೆರಳುದ್ದದ ಮ್ಯಾಗ್ನೆಟ್ ನುಂಗಿಸುತ್ತಾರೆ. ಅದು ಹೊಟ್ಟೆಯಲ್ಲೇ ಕೂತು ಮೊಳೆ, ತಂತಿ ಹಿಡಿದಿಟ್ಟುಕೊಳ್ಳುತ್ತದೆ. ತಮಾಷೆ ಅಲ್ಲ, ನಿಜ.

ಇಂಥ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಜಾತಿ ಇವೆ. ಕರಿ ಬಣ್ಣದ ಫೆರೈಟ್, ಬೆಳ್ಳಿಯಂತೆ ಹೊಳೆಯುವ ನಿಯೋಡಿಮಿಯಂ, ಮತ್ತೆ ಸಮೇರಿಯಂ ಕೋಬಾಲ್ಟ್. ಕೊನೆಯ ಎರಡೂ ರೇರ್ ಅರ್ಥ್ ಅನ್ನುವ ಲೋಹಗಳಿಂದ ಆದವು.

ಆ ಲೋಹಗಳ ಬಗ್ಗೆ ನಾಲ್ಕು ಮಾತು

ರೇರ್ ಅಂತ ಹೆಸರಿದ್ದರೂ ನಿಯೋಡಿಮಿಯಂ ಅಷ್ಟೇನೂ ಅಪರೂಪದ್ದಲ್ಲ. ಭೂಮಿಯ ಹೊರಪದರದಲ್ಲಿ ಅದು ಸೀಸಕ್ಕಿಂತ ಜಾಸ್ತಿ ಇದೆ. ಕಷ್ಟ ಇರುವುದು ಬೇರ್ಪಡಿಸುವುದರಲ್ಲಿ. ಈ ಗುಂಪಿನ ಲೋಹಗಳು ಗುಣದಲ್ಲಿ ಒಂದರ ಹಾಗೆ ಇನ್ನೊಂದು. ಒಂದೇ ಅದಿರಿನಲ್ಲಿ ಎಲ್ಲವೂ ಕಲಸಿಕೊಂಡು ಕೂತಿರುತ್ತವೆ. ಡಿಡಿಮಿಯಂ ಅನ್ನುವ ಒಂದು ಧಾತು ಇದೆ ಅಂತಲೇ ಜನ ಬಹಳ ಕಾಲ ನಂಬಿದ್ದರು. 1885ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಅದನ್ನು ಎರಡಾಗಿ ಬಿಡಿಸಿದ. ಒಂದು ಪ್ರೇಸಿಯೋಡಿಮಿಯಂ, ಇನ್ನೊಂದು ನಿಯೋಡಿಮಿಯಂ. ಹೆಸರಿನ ಅರ್ಥ 'ಹೊಸ ಅವಳಿ'. ಇದೇ ಮನುಷ್ಯ ಗ್ಯಾಸ್‌ಲೈಟಿನ ಮ್ಯಾಂಟಲ್ ಕೂಡ ಕಂಡುಹಿಡಿದ. ಹಳ್ಳಿಯಲ್ಲಿ ಮದುವೆ, ಬಯಲಾಟಕ್ಕೆ ಪಂಪು ಹೊಡೆದು ಹಚ್ಚುತ್ತಿದ್ದ ಪೆಟ್ರೋಮ್ಯಾಕ್ಸ್ ನೋಡಿದವರಿಗೆ ಆ ಬಿಳಿ ಚೀಲ ನೆನಪಿರುತ್ತದೆ. ಅದರಲ್ಲಿ ಬಹುಪಾಲು ಥೋರಿಯಂ, ಜೊತೆಗೆ ಚಿಟಿಕೆಯಷ್ಟು ಸೀರಿಯಂ. ಸೀರಿಯಂ ಕೂಡ ಇದೇ ಗುಂಪಿನದು. ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲೇ ರೇರ್ ಅರ್ಥ್ ನಮ್ಮೂರಿಗೆ ಬಂದಾಗಿತ್ತು. ಹೆಸರು ಗೊತ್ತಿರಲಿಲ್ಲ ಅಷ್ಟೇ.

ಶುದ್ಧ ನಿಯೋಡಿಮಿಯಂ ಬೆಳ್ಳಿ ಬಣ್ಣದ್ದು. ಗಾಳಿಗೆ ಬಿಟ್ಟರೆ ಬೇಗ ಕಪ್ಪಾಗಿ ಪದರ ಪದರವಾಗಿ ಉದುರುತ್ತದೆ. ಅದಕ್ಕೆ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಸುಮಾರು 1,020 ಡಿಗ್ರಿಗೆ ಕರಗುತ್ತದೆ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಈ ಲೋಹ ಒಂಟಿಯಾಗಿದ್ದಾಗ ಮ್ಯಾಗ್ನೆಟ್ಟೇ ಅಲ್ಲ. ಕಬ್ಬಿಣ, ಬೋರಾನ್ ಜೊತೆ ಲೆಕ್ಕದ ಪ್ರಕಾರ ಸೇರಿದಾಗ ಮಾತ್ರ ಅದಕ್ಕೆ ಆ ಶಕ್ತಿ. ಎರಡು ಪರಮಾಣು ನಿಯೋಡಿಮಿಯಂ, ಹದಿನಾಲ್ಕು ಕಬ್ಬಿಣ, ಒಂದು ಬೋರಾನ್. ತೂಕದ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲು ಬರೀ ಕಬ್ಬಿಣ. ಇದನ್ನು ನೆನಪಿಡಿ, ತುಕ್ಕಿನ ಮಾತು ಬಂದಾಗ ಬೇಕಾಗುತ್ತದೆ. ಮ್ಯಾಗ್ನೆಟ್ ಬಿಟ್ಟರೆ ಈ ಲೋಹ ಗಾಜಿಗೆ ನೇರಳೆ ಬಣ್ಣ ಕೊಡಲು, ಗಾಜು ಊದುವವರ ಕನ್ನಡಕಕ್ಕೆ, ಲೋಹದ ಮೇಲೆ ನಂಬರ್ ಕೊರೆಯುವ ಒಂದು ಜಾತಿಯ ಲೇಸರಿಗೆ ಬಳಕೆಯಾಗುತ್ತದೆ.

ಮಾರುಕಟ್ಟೆಗೆ ಮೊದಲು ಬಂದದ್ದು ಸಮೇರಿಯಂ ಕೋಬಾಲ್ಟ್. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ಕಾರ್ಲ್ ಸ್ಟ್ರನಾಟ್ ಮತ್ತು ಜೊತೆಗಾರರು ಅದರ ದಾರಿ ಹಾಕಿಕೊಟ್ಟರು. ಕೋಬಾಲ್ಟ್ ಆಗ ಹೆಚ್ಚಾಗಿ ಬರುತ್ತಿದ್ದುದು ಆಫ್ರಿಕಾದ ಜೈರ್ (ಈಗಿನ ಕಾಂಗೊ) ದೇಶದಿಂದ. 1978ರಲ್ಲಿ ಅಲ್ಲಿ ಗಲಾಟೆಯಾಗಿ ಕೋಬಾಲ್ಟ್ ರೇಟು ಗಗನಕ್ಕೆ ಏರಿತು. ಕೋಬಾಲ್ಟ್ ಇಲ್ಲದ ಮ್ಯಾಗ್ನೆಟ್ ಬೇಕು ಅಂತ ಎಲ್ಲರೂ ಹುಡುಕಾಟಕ್ಕೆ ಬಿದ್ದರು. 1983ರ ಹೊತ್ತಿಗೆ ಜಪಾನಿನ ಸುಮಿಟೊಮೊ ಕಂಪನಿಯಲ್ಲಿ ಮಸಾಟೊ ಸಗಾವಾ, ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಜಾನ್ ಕ್ರೋಟ್ ಬೇರೆಬೇರೆ ದಾರಿ ಹಿಡಿದು ಒಂದೇ ಉತ್ತರಕ್ಕೆ ಬಂದು ತಲುಪಿದರು. ಅದೇ ನಿಯೋಡಿಮಿಯಂ ಮ್ಯಾಗ್ನೆಟ್.

ಫೆರೈಟಿಗೆ ಇಷ್ಟೆಲ್ಲ ಪುರಾಣ ಇಲ್ಲ. ಕಬ್ಬಿಣದ ಆಕ್ಸೈಡು, ಜೊತೆಗೆ ಸ್ಟ್ರಾನ್ಶಿಯಂ ಅಥವಾ ಬೇರಿಯಂ, ಒತ್ತಿ ಮಡಕೆ ಸುಟ್ಟ ಹಾಗೆ ಸುಡುವುದು. ಹಳೆ ಸ್ಪೀಕರ್ ಬಿಚ್ಚಿದರೆ ಹಿಂದೆ ಸಿಗುವ ಕರಿ ಬಳೆ ಇದೇ.

ಶಕ್ತಿ ಅಳೆಯುವುದು ಹೇಗೆ

ನಿಯೋಡಿಮಿಯಂ ಮೇಲೆ ಎನ್ 35, ಎನ್ 42, ಎನ್ 52 ಅಂತ ಬರೆದಿರುತ್ತಾರೆ. ಆ ನಂಬರು ಮ್ಯಾಗ್ನೆಟ್ ತನ್ನೊಳಗೆ ಎಷ್ಟು ಶಕ್ತಿ ಹಿಡಿದಿಡಬಲ್ಲದು ಅನ್ನುವ ಅಳತೆ. ಅದೇ ಅಳತೆಯಲ್ಲಿ ಫೆರೈಟ್ ಒಂದರಿಂದ ನಾಲ್ಕೂವರೆ. ಸಮೇರಿಯಂ ಕೋಬಾಲ್ಟ್ 16ರಿಂದ 32. ನಿಯೋಡಿಮಿಯಂ ಸುಲಭವಾಗಿ 50 ದಾಟುತ್ತದೆ. ಒಂದೇ ಗಾತ್ರದಲ್ಲಿ ಇಟ್ಟು ನೋಡಿದರೆ ಫೆರೈಟ್‌ಗೂ ಇದಕ್ಕೂ ಹತ್ತು ಪಟ್ಟು ವ್ಯತ್ಯಾಸ.

ಆದರೆ ಎನ್ 35 ಬಿಟ್ಟು ಎನ್ 52 ತಗೊಂಡರೆ ಮೇಲ್ಮೈಯ ಗಾಸ್ ಒಂದೂವರೆ ಪಟ್ಟು ಆಗುವುದಿಲ್ಲ. ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ, ಅಷ್ಟೇ. ದುಡ್ಡು ಮಾತ್ರ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಇನ್ನೊಂದು ಗುಟ್ಟು: ಎನ್ 52 ಬಿಸಿಗೆ ಇನ್ನೂ ಅಂಜುಬುರುಕ. ಸಾದಾ ಎನ್ ದರ್ಜೆಗೆ 80 ಡಿಗ್ರಿ ಮಿತಿ ಹಾಕಿದರೆ, ಎನ್ 52ಕ್ಕೆ ಕೆಲವು ತಯಾರಕರು 60ಕ್ಕೇ ನಿಲ್ಲಿಸುತ್ತಾರೆ. ಮಿಲ್ಲಿನ ಕೆಲಸಕ್ಕೆ ಎನ್ 52 ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ದೂರದ ಲೆಕ್ಕ ಇನ್ನೂ ಮುಖ್ಯ. ನಿಯೋಡಿಮಿಯಂ ರಾಡು ಅಂದರೆ ಒಂದಿಂಚು ದಪ್ಪದ ಸ್ಟೀಲ್ ಕೊಳವೆ. ಒಳಗೆ ಬಿಲ್ಲೆ ಮ್ಯಾಗ್ನೆಟ್‌ಗಳು, ಎರಡು ಬಿಲ್ಲೆಗಳ ನಡುವೆ ಒಂದೊಂದು ಕಬ್ಬಿಣದ ಬಿಲ್ಲೆ. ಕೊಳವೆಯ ಮೈಮೇಲೆ ಹತ್ತು ಹನ್ನೆರಡು ಸಾವಿರ ಗಾಸ್ ಬರುವುದು ನಿಜ. ಬೆರಳ ದಪ್ಪ ದೂರ ಹೋಗಿ ಅಳೆಯಿರಿ, ಬಹಳಷ್ಟು ಮಾಯ. ಹಾಗಾಗಿ ಹಿಟ್ಟು, ಖಾರದ ಪುಡಿ, ಅರೆದ ಮೇಲಿನ ಸಣ್ಣ ಕಬ್ಬಿಣದ ಪುಡಿಗೆ ರಾಡುಗಳ ಗ್ರಿಲ್ ಸರಿ. ಪದಾರ್ಥ ರಾಡಿಗೆ ಉಜ್ಜಿಕೊಂಡೇ ಇಳಿಯುತ್ತದೆ. ಆದರೆ ಎಲಿವೇಟರಿನಿಂದ ಮೆಕ್ಕೆಜೋಳ ನಾಲ್ಕಿಂಚು ದಪ್ಪಕ್ಕೆ ಧೋ ಅಂತ ಬೀಳುವ ಕಡೆ ಗ್ರಿಲ್ ಇಟ್ಟರೆ ಕಾಳು ಕಟ್ಟಿಕೊಳ್ಳುತ್ತದೆ. ಆಳು ಬೇಸತ್ತು ಗ್ರಿಲ್ ತೆಗೆದು ಮೂಲೆಗೆ ಇಡುತ್ತಾನೆ. ಸುಮ್ನೆ ಹೇಳುತ್ತಿಲ್ಲ, ಎಷ್ಟು ಮಿಲ್ಲಿನ ಮೂಲೆಯಲ್ಲಿ ಹೊಚ್ಚ ಹೊಸ ಗ್ರಿಲ್ ನೋಡಿದ್ದೇನೋ. ಅಲ್ಲಿ ಬೇಕಾದ್ದು ಇಳಿಜಾರಿನ ತಳಕ್ಕೆ ಕೂರಿಸುವ ದಪ್ಪ ಫೆರೈಟ್ ಪ್ಲೇಟು. ಮೈಮೇಲೆ ಗಾಸ್ ಕಡಿಮೆ. ಆದರೆ ದೊಡ್ಡ ಗಾತ್ರದ ಮ್ಯಾಗ್ನೆಟ್ ಆದ್ದರಿಂದ ಅದರ ಕೈ ದೂರಕ್ಕೆ ಚಾಚುತ್ತದೆ. ನಟ್ಟು, ಬೋಲ್ಟು, ಮೊಳೆಗೆ ಅದೇ ಸಾಕು.

ಚಳ್ಳಕೆರೆಯ ಎಕ್ಸ್‌ಪೆಲ್ಲರ್

ಬಿಸಿಯ ಪಾಠ ನಾನು ಕಲಿತದ್ದು ಬೇರೆಯವರ ದುಡ್ಡಿನಲ್ಲಿ. ಚಳ್ಳಕೆರೆಯ ಒಬ್ಬ ಎಣ್ಣೆ ಮಿಲ್ ಮಾಲೀಕರು ಫೋನ್ ಮಾಡಿದರು. "ಅಣ್ಣಾ, ನೀನು ಹಾಕಿಸಿದ ಮ್ಯಾಗ್ನೆಟ್ ಏನು ಮಲಗಿತ್ತಾ? ವರ್ಮ್ ಹೋಯ್ತು ನೋಡು."

ಹೋಗಿ ನೋಡಿದೆ. ಶೇಂಗಾ ಬೀಜ ಮೊದಲು ಆವಿಯ ಕೆಟಲ್ಲಿನಲ್ಲಿ ಬಿಸಿಯಾಗುತ್ತದೆ, ಅಲ್ಲಿಂದ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿಗೆ ಇಳಿಯುತ್ತದೆ. ಅದರೊಳಗೆ ತಿರುಗುತ್ತಾ ಬೀಜ ಒತ್ತುವ ಸ್ಕ್ರೂವೇ ವರ್ಮ್. ನಾವು ನಿಯೋಡಿಮಿಯಂ ರಾಡು ಕೂರಿಸಿದ್ದು ಕೆಟಲ್ ಮತ್ತು ಎಕ್ಸ್‌ಪೆಲ್ಲರ್ ನಡುವಿನ ಡಬ್ಬಿಯಲ್ಲಿ. ಕೆಟಲ್ ಒಳಗೆ ತಿರುಗುವ ಕೈಯಿಂದ ಒಂದು ಬೋಲ್ಟು ಕಳಚಿ, ರಾಡಿನ ಪಕ್ಕದಲ್ಲೇ ಹಾದು, ನೇರ ಎಕ್ಸ್‌ಪೆಲ್ಲರಿಗೆ ಹೋಗಿತ್ತು. ಥರ್ಮಾಮೀಟರ್ ಹಿಡಿದೆ. ಡಬ್ಬಿಯಲ್ಲಿ 105 ಡಿಗ್ರಿ. ರಾಡು ಮಾರಿದವರು "ಎಲ್ಲಿ ಬೇಕಾದರೂ ಹಾಕಿ" ಅಂದಿದ್ದರು. ನಾನೂ ಬಿಸಿ ಎಷ್ಟು ಅಂತ ಕೇಳಿರಲಿಲ್ಲ. ತಪ್ಪು ಇಬ್ಬರದ್ದೂ.

ನನ್ನ ಹತ್ತಿರ ಒಂದು ಪರೀಕ್ಷೆಯ ಸಾಧನ ಇದೆ. ಹಳೆ ಬೇರಿಂಗಿನ ಗುಂಡಿಗೆ ಒಂದು ಕೊಂಡಿ ವೆಲ್ಡ್ ಮಾಡಿದ್ದೇನೆ. ಅದನ್ನು ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸುವುದು. ಗುಂಡನ್ನು ರಾಡಿಗೆ ಅಂಟಿಸಿ ನಿಧಾನ ಎಳೆಯುವುದು. ಬಿಟ್ಟುಕೊಳ್ಳುವಾಗ ತಕ್ಕಡಿ ಎಷ್ಟು ತೋರಿಸಿತು ಅಂತ ಬರೆದುಕೊಳ್ಳುವುದು. ಕೂರಿಸಿದ ದಿನ ಆ ರಾಡಿಗೆ ನಾಲ್ಕು ಕೆ.ಜಿ. ಹತ್ತಿರ ಬಂದಿತ್ತು. ಈಗ ಒಂದೂವರೆಯೂ ಬರಲಿಲ್ಲ. ತಣ್ಣಗಾದ ಮೇಲೆ ಮತ್ತೆ ನೋಡಿದೆ. ಆಗಲೂ ಅಷ್ಟೇ ಬಂತು. ಬಿಸಿ ತಾಗಿದ ಮೊದಲ ವಾರದಲ್ಲೇ ಅದು ಸೊರಗಿರಬೇಕು. ನಮಗೆ ಗೊತ್ತಾದದ್ದು ಮೂರು ತಿಂಗಳಿಗೆ, ಅದೂ ವರ್ಮ್ ಮುರಿದ ಮೇಲೆ.

ಇಲ್ಲಿ ಎರಡು ಬಗೆಯ ನಷ್ಟ ಇದೆ, ಕಲಸಿಕೊಳ್ಳಬಾರದು. ಒಂದು, ಬಿಸಿ ಇರುವವರೆಗೆ ಕಡಿಮೆಯಾಗಿ ತಣಿದ ಮೇಲೆ ವಾಪಸ್ ಬರುವಂಥದ್ದು. 30ರಿಂದ 80 ಡಿಗ್ರಿಗೆ ಏರಿದರೆ ನಿಯೋಡಿಮಿಯಂ ನೂರಕ್ಕೆ ಆರರಷ್ಟು ಇಳಿಯುತ್ತದೆ. ಫೆರೈಟ್ ಹತ್ತರಷ್ಟು ಇಳಿಯುತ್ತದೆ. ಸಮೇರಿಯಂ ಕೋಬಾಲ್ಟ್ ಬರೀ ಎರಡು. ಈ ಲೆಕ್ಕ ನೋಡಿದರೆ ಫೆರೈಟೇ ಕೆಟ್ಟದ್ದು ಅನಿಸುತ್ತದೆ, ಅಲ್ವಾ? ಆದರೆ ಅದು ತಣಿದ ಮೇಲೆ ಪೂರ್ತಿ ಎದ್ದು ನಿಲ್ಲುತ್ತದೆ. ಎರಡನೆಯದು ಮಿತಿ ದಾಟಿದಾಗ ಆಗುವ ನಷ್ಟ. ಅದು ವಾಪಸ್ ಬರುವುದಿಲ್ಲ, ಕಾರ್ಖಾನೆಗೆ ಕಳಿಸಿ ಮತ್ತೆ ಮ್ಯಾಗ್ನೆಟೈಸ್ ಮಾಡಿಸಬೇಕು. ಅದರಲ್ಲೂ ರಾಡಿನ ಒಳಗೆ ಬಿಲ್ಲೆಗಳನ್ನು ಉತ್ತರಕ್ಕೆ ಉತ್ತರ, ದಕ್ಷಿಣಕ್ಕೆ ದಕ್ಷಿಣ ಎದುರಾಬದುರು ಕೂರಿಸಿರುತ್ತಾರೆ. ಒಂದನ್ನೊಂದು ಸದಾ ದೂಡುತ್ತಿರುತ್ತವೆ. ಮೊದಲೇ ಜಗಳದಲ್ಲಿ ಇರುವವರಿಗೆ ಬಿಸಿಲು ಬೇರೆ ಸೇರಿದ ಹಾಗೆ. ಒಂಟಿ ಬಿಲ್ಲೆಗಿಂತ ರಾಡು ಬೇಗ ಸೋಲುತ್ತದೆ.

ಎನ್ ಮುಂದಿನ ನಂಬರಿನ ಬೆನ್ನಿಗೆ ಇರುವ ಅಕ್ಷರವನ್ನು ಕೇಳಬೇಕಾದ್ದು ಇದಕ್ಕೇ. ಅಕ್ಷರ ಇಲ್ಲದಿದ್ದರೆ 80 ಡಿಗ್ರಿ. ಎಂ ಇದ್ದರೆ 100, ಎಚ್ ಇದ್ದರೆ 120, ಎಸ್‌ಎಚ್ 150, ಯುಎಚ್ 180, ಇಎಚ್ 200. ಇವೂ ಅತ್ತಿತ್ತಲಿನ ಲೆಕ್ಕ. ಮಿತಿಗಿಂತ 20-30 ಡಿಗ್ರಿ ಕೆಳಗೇ ಇರುವುದು ಒಳ್ಳೆಯದು. ಈ ತಾಳ್ಮೆ ಬರಲಿ ಅಂತ ಡಿಸ್ಪ್ರೋಸಿಯಂ, ಟರ್ಬಿಯಂ ಅನ್ನುವ ಇನ್ನೂ ದುಬಾರಿ ರೇರ್ ಅರ್ಥ್ ಲೋಹ ಸೇರಿಸುತ್ತಾರೆ. ಸಮೇರಿಯಂ ಕೋಬಾಲ್ಟಿಗೆ ಅಂಥ ಮದ್ದು ಬೇಡ. ಅದು ಹುಟ್ಟಾ ಗಟ್ಟಿ. ಒಂದು ಜಾತಿ 250, ಇನ್ನೊಂದು 300 ದಾಟಿದರೂ ಕೆಲಸ ಮಾಡುತ್ತದೆ. ಫೆರೈಟ್ 250ರವರೆಗೆ ಆರಾಮ.

ಚಳ್ಳಕೆರೆಯಲ್ಲಿ ಕೊನೆಗೆ ಏನು ಮಾಡಿದೆವು? ಕೆಟಲ್ಲಿಗೆ ಮುಂಚೆ, ಬೀಜ ತಣ್ಣಗಿರುವ ಕಡೆ, ದಪ್ಪ ಫೆರೈಟ್ ಪ್ಲೇಟ್ ಹಾಕಿದೆವು. ಚೀಲದ ಜೊತೆ ಬರುವ ಮೊಳೆ, ದಬ್ಬಣ ಎಲ್ಲ ಅಲ್ಲೇ ನಿಲ್ಲುತ್ತದೆ. ಕೆಟಲ್ ಒಳಗಿಂದ ಬೀಳುವುದಕ್ಕೆ ಕೆಳಗಿನ ಡಬ್ಬಿಯಲ್ಲಿ ಎಸ್‌ಎಚ್ ದರ್ಜೆಯ ರಾಡು. ಸಮೇರಿಯಂ ಕೋಬಾಲ್ಟ್ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. 105 ಡಿಗ್ರಿಗೆ ಅದು ಇಲಿ ಹೊಡೆಯಲು ಕೋವಿ ತಂದ ಹಾಗೆ. ನನ್ನ ಅನುಭವದಲ್ಲಿ ನಮ್ಮ ಜಿಲ್ಲೆಗಳ ಮಿಲ್ಲುಗಳಿಗೆ ಸಮೇರಿಯಂ ಬೇಕಾದದ್ದು ಬಹಳ ಅಪರೂಪ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಹತ್ತಿರ ಏನಾದರೂ ಇಡಲೇಬೇಕು ಅಂದಾಗ ಅದರ ಮಾತು ಬರಬಹುದು. ಅಲ್ಲೂ ನಾನು ಮೊದಲು ಹೇಳುವುದು ಇಷ್ಟೇ: ಮಂಡಕ್ಕಿ ಸ್ವಲ್ಪ ಆರಲಿ, ಆಮೇಲೆ ಮ್ಯಾಗ್ನೆಟ್ ಮೇಲೆ ಹಾಯಿಸಿ. ಜಾಗ ಬದಲಿಸುವುದು ಲೋಹ ಬದಲಿಸುವುದಕ್ಕಿಂತ ಅಗ್ಗ.

ನೀರು, ತುಕ್ಕು, ಒಡೆಯುವುದು

ಫೆರೈಟ್ ತುಕ್ಕು ಹಿಡಿಯುವುದಿಲ್ಲ. ಹಿಡಿಯಲು ಏನು ಉಳಿದಿದೆ? ಅದು ಮೊದಲೇ ಕಬ್ಬಿಣದ ಆಕ್ಸೈಡು. ಮಳೆಯಲ್ಲಿ ಬಿಟ್ಟರೂ ಹಾಗೇ ಇರುತ್ತದೆ. ಸಮೇರಿಯಂ ಕೋಬಾಲ್ಟ್ ಕೂಡ ಬಹುಮಟ್ಟಿಗೆ ತಡೆಯುತ್ತದೆ. ನಿಯೋಡಿಮಿಯಂ ಮಾತ್ರ ನಿಕ್ಕಲ್ ಲೇಪ ಹೋದ ದಿನದಿಂದ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ.

ಕುದಿಸಿದ ಅಕ್ಕಿ ಮಾಡುವ ಒಂದು ಮಿಲ್ಲಿನಿಂದ ಒಂದು ರಾಡು ಬಂತು. ನಡುವೆ ಹೊಟ್ಟೆ ಬಂದಿತ್ತು, ಹಾವು ಇಲಿ ನುಂಗಿದ ಹಾಗೆ. ಕೊಳವೆ ಕೊಯ್ದು ನೋಡಿದರೆ ಎರಡು ಬಿಲ್ಲೆ ಬೂದು ಪುಡಿಯಾಗಿ, ಉಬ್ಬಿ, ಸ್ಟೀಲನ್ನೇ ಹೊರಗೆ ತಳ್ಳಿತ್ತು. ತುದಿಯ ವೆಲ್ಡಿಂಗಿನಲ್ಲಿ ಸೂಜಿ ಮೊನೆಯಷ್ಟು ತೂತು. ಆವಿ ಅಲ್ಲಿಂದ ಒಳಗೆ ಹೋಗಿದೆ. ಹಾಗಾಗಿ ರಾಡು ತಗೊಳ್ಳುವಾಗ ಗಾಸ್ ಮೀಟರ್ ನೋಡುವ ಮುಂಚೆ ಎರಡೂ ತುದಿಯ ವೆಲ್ಡಿಂಗ್ ನೋಡಿ. ಉಗುರು ಹಾಕಿ ಕೆರೆಯಿರಿ. ಬರೀ ಅಂಟು ಹಾಕಿ ಮುಚ್ಚಿದ್ದರೆ ಒದ್ದೆ ಜಾಗಕ್ಕೆ ಬೇಡ. ಬಿಸಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಗುಳ್ಳೆ ಏಳುತ್ತಾ ನೋಡುವುದು ಇನ್ನೂ ಒಳ್ಳೆಯದು. ನೀರು ಮಾತ್ರ ಕುದಿಯುತ್ತಿರಬಾರದು, ಯಾಕೆ ಅಂತ ಮೇಲೆ ಹೇಳಿದ್ದೇನೆ.

ಮೂರೂ ಜಾತಿ ಗಾಜಿನ ಹಾಗೆ ಪೆಳಸು. ಸಮೇರಿಯಂ ಎಲ್ಲಕ್ಕಿಂತ ಪೆಳಸು. ಡ್ರಿಲ್ ಹಾಕಲು ಹೋಗಬೇಡಿ. ನಿಯೋಡಿಮಿಯಂ ಪುಡಿ ಬೆಂಕಿ ಹಿಡಿಯುತ್ತದೆ. ಎರಡು ದೊಡ್ಡ ಬಿಲ್ಲೆ ದೂರದಿಂದ ಹಾರಿ ಬಂದು ಅಂಟಿಕೊಂಡರೆ ನಡುವೆ ಇದ್ದ ಬೆರಳು ಚಟ್ನಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಬಾರದು. ಉಳಿದ ಸಣ್ಣ ಬಿಲ್ಲೆಗಳನ್ನು ಮಕ್ಕಳ ಆಟಕ್ಕೆ ಕೊಡಬೇಡಿ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಯನ್ನು ಒಂದಕ್ಕೊಂದು ಕಚ್ಚಿಸಿ ತೂತು ಮಾಡುತ್ತವೆ.

ರೇಟು ಮತ್ತು ಸಿಗುವುದು

ಅಗ್ಗದ್ದು ಫೆರೈಟ್. ಅದರ ಹಲವು ಪಟ್ಟು ನಿಯೋಡಿಮಿಯಂ. ಸಮೇರಿಯಂ ಕೋಬಾಲ್ಟ್ ಅದಕ್ಕೂ ಮೇಲೆ. ಇಂತಿಷ್ಟು ಅಂತ ಬರೆದರೆ ನೀವು ಓದುವ ಹೊತ್ತಿಗೆ ಸುಳ್ಳಾಗಿರುತ್ತದೆ. ಕಾರಣ ಚೀನಾ. ಅದಿರು ಶುದ್ಧಿ ಮಾಡುವುದು, ಮ್ಯಾಗ್ನೆಟ್ ಮಾಡುವುದು, ಎರಡರಲ್ಲೂ ಜಗತ್ತಿನ ಸಿಂಹಪಾಲು ಅವರದ್ದೇ. 2025ರ ಏಪ್ರಿಲ್‌ನಲ್ಲಿ ಅವರು ಏಳು ರೇರ್ ಅರ್ಥ್ ಲೋಹಗಳ ರಫ್ತಿಗೆ ಲೈಸನ್ಸ್ ಕಡ್ಡಾಯ ಮಾಡಿದರು. ಪಟ್ಟಿಯಲ್ಲಿ ನಿಯೋಡಿಮಿಯಂ ಇರಲಿಲ್ಲ. ಆದರೆ ಸಮೇರಿಯಂ, ಡಿಸ್ಪ್ರೋಸಿಯಂ, ಟರ್ಬಿಯಂ ಇದ್ದವು. ಅಂದರೆ ಪೆಟ್ಟು ಬಿದ್ದದ್ದು ಸರಿಯಾಗಿ ಬಿಸಿ ತಾಳುವ ದರ್ಜೆಗಳ ಮೇಲೆ. ಎಲೆಕ್ಟ್ರಿಕ್ ಸ್ಕೂಟರ್, ಕಾರು ಮಾಡುವವರೆಲ್ಲ ಪರದಾಡಿದರು. ಇನ್ನೂ ಒಂದು ಮಾತು: ಯಾರಾದರೂ ಎಸ್‌ಎಚ್ ರಾಡನ್ನು ಸಾದಾ ಎನ್ ರಾಡಿನ ರೇಟಿಗೇ ಕೊಡುತ್ತೇನೆ ಅಂದರೆ, ಅದು ಎಸ್‌ಎಚ್ ಆಗಿರುವುದಿಲ್ಲ.

ನಮ್ಮಲ್ಲಿ ಅದಿರು ಇಲ್ಲ ಅಂತಲ್ಲ. ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ಮೊನಾಜೈಟ್ ಅನ್ನುವ ರೇರ್ ಅರ್ಥ್ ಅದಿರು ಇದೆ. ಸರ್ಕಾರದ ಐಆರ್‌ಇಎಲ್ ಕಂಪನಿ 1950ರಿಂದ ಅದೇ ಕೆಲಸದಲ್ಲಿದೆ. ವಿಶಾಖಪಟ್ಟಣದಲ್ಲಿ ಸಮೇರಿಯಂ ಕೋಬಾಲ್ಟ್ ಮ್ಯಾಗ್ನೆಟ್ ಘಟಕ ಹಾಕಿದ್ದಾರೆ. ಅದರ ಸಾಮರ್ಥ್ಯ ವರ್ಷಕ್ಕೆ 3,000 ಕೆ.ಜಿ., ಅದೂ ರಕ್ಷಣೆ, ಅಣುಶಕ್ತಿಯಂಥ ಕೆಲಸಕ್ಕೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಇಲ್ಲೇ ಮಾಡಿಸಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಮಿಲ್ಲಿನ ಬಾಗಿಲಿಗೆ ಬರುವವರೆಗೆ ಆಮದೇ ಗತಿ.

ಮಿಲ್ಲು ಬಿಟ್ಟು ಬೇರೆ ಕಡೆ

ಫ್ಯಾನಿನ ಬಗ್ಗೆಯೂ ಕೇಳುತ್ತಾರೆ. ಕರೆಂಟ್ ಉಳಿಸುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಆಸುಪಾಸು ತಿನ್ನುತ್ತದೆ, ಹಳೆಯದು 75. ಅದರೊಳಗೆ ರೇರ್ ಅರ್ಥ್ ಇದೆ ಅಂತ ಅಂಗಡಿಯವರು ಬಣ್ಣ ಕಟ್ಟಿದರೆ ನಂಬಬೇಡಿ. ಹೆಚ್ಚಿನವುಗಳಲ್ಲಿ ಇರುವುದು ಫೆರೈಟ್ ಬಳೆ, ಅದೇ ಧಾರಾಳ ಸಾಕು. ಫ್ಯಾನಿನಲ್ಲಿ ಜಾಗಕ್ಕೆ ಬರ ಇಲ್ಲ. ಸ್ಕೂಟರಿನ ಚಕ್ರದೊಳಗೆ ಮೋಟರ್ ಕೂರಬೇಕು ಅಂದರೆ ಜಾಗ, ತೂಕ ಎರಡಕ್ಕೂ ಬರ. ಅಲ್ಲಿ ನಿಯೋಡಿಮಿಯಂ.

ಹೈವೇಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಸಾಲಿನ ಗಾಳಿ ಗಿರಣಿ ನೋಡಿ "ಇದರಲ್ಲೆಲ್ಲ ಮ್ಯಾಗ್ನೆಟ್ ತುಂಬಿರುತ್ತೆ ಅಲ್ವಾ" ಅನ್ನುವವರಿದ್ದಾರೆ. ಎಲ್ಲದರಲ್ಲೂ ಇರುವುದಿಲ್ಲ. ಗೇರ್‌ಬಾಕ್ಸ್ ಇಟ್ಟು ಸಾದಾ ಇಂಡಕ್ಷನ್ ಜನರೇಟರ್ ತಿರುಗಿಸುವ ಜಾತಿಯಲ್ಲಿ ಶಾಶ್ವತ ಮ್ಯಾಗ್ನೆಟ್ ಇಲ್ಲ. ಗೇರ್ ಇಲ್ಲದ ಕೆಲವುಗಳಲ್ಲೂ ತಂತಿ ಸುತ್ತಿದ ವಿದ್ಯುತ್ ಮ್ಯಾಗ್ನೆಟ್ ಇರುತ್ತದೆ. ಗೇರೂ ಇಲ್ಲದೆ, ಸುತ್ತೂ ಇಲ್ಲದೆ ನಿಯೋಡಿಮಿಯಂ ಮೇಲೇ ನಿಂತ ಜಾತಿಗೆ ಮಾತ್ರ ಒಂದು ಮೆಗಾವ್ಯಾಟಿಗೆ ಸುಮಾರು 600 ಕೆ.ಜಿ. ಮ್ಯಾಗ್ನೆಟ್ ಬೇಕು. ಗುಡ್ಡದ ನೆತ್ತಿಯಲ್ಲಿ ಗೇರ್‌ಬಾಕ್ಸ್ ರಿಪೇರಿ ತಪ್ಪುತ್ತದಲ್ಲ, ಅದಕ್ಕೆ ಆ ಖರ್ಚು.

ಕೂರಿಸಿದ ಮೇಲೆ

ಗ್ರಿಲ್ಲನ್ನು ಪಾಳಿಗೊಮ್ಮೆ ತೆಗೆದು ಒರೆಸಿ. ಹಿಡಿದ ಕಬ್ಬಿಣದ ಮೇಲೆ ಇನ್ನಷ್ಟು ಕಬ್ಬಿಣ ಕೂತರೆ ಹರಿವು ಅದನ್ನೇ ಕೊಚ್ಚಿಕೊಂಡು ಹೋಗುತ್ತದೆ. ಒರೆಸಿದ್ದನ್ನು ಬಿಸಾಡಬೇಡಿ, ಒಂದು ಕಾಗದದ ಮೇಲೆ ಉದುರಿಸಿ ನೋಡಿ. ಮೊಳೆ, ತಂತಿ ಇದ್ದರೆ ಮಾಲಿನ ಜೊತೆ ಬಂದದ್ದು. ಹೊಳೆಯುವ ಚಕ್ಕೆ ಇದ್ದರೆ ನಿಮ್ಮದೇ ಯಂತ್ರ ಎಲ್ಲೋ ಉಜ್ಜುತ್ತಿದೆ. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಬಿದ್ದರೆ ಯಾವ ಮ್ಯಾಗ್ನೆಟ್ಟೂ ಅದನ್ನು ನೆಟ್ಟಗೆ ಹಿಡಿಯದು. ಹಾಗಾಗಿ ಹರಿವಿನ ದಾರಿಯ ಒಳಗೆ ಸ್ಟೇನ್‌ಲೆಸ್ ಬೋಲ್ಟು ಹಾಕುವ ಶೋಕಿ ಬೇಡ. ಮತ್ತೆ ಆರು ತಿಂಗಳಿಗೊಮ್ಮೆ ಆ ಬೇರಿಂಗ್ ಗುಂಡು, ಕೊಕ್ಕೆ ತಕ್ಕಡಿ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು, ಕೆ.ಜಿ. ಬರೆದರೂ ಸಾಕು.

ಒಂದು ಹಳೆಯದ್ದನ್ನು ನಾನೇ ಇಟ್ಟುಕೊಂಡಿದ್ದೇನೆ. ದಾವಣಗೆರೆಯ ಹತ್ತಿ ಮಿಲ್‌ಗಳು ಮುಚ್ಚಿದ ಮೇಲೆ ಅಲ್ಲಿನ ಸಾಮಾನು ಗುಜರಿಗೆ ಬಂತು. ಅದರಲ್ಲಿ ಕೆಂಪು ಬಣ್ಣದ, ಕುದುರೆ ಲಾಳದ ಆಕಾರದ ಒಂದು ಮ್ಯಾಗ್ನೆಟ್ ಸಿಕ್ಕಿತು. ಹತ್ತಿ ಬಿಡಿಸುವ ಕೋಣೆಯಲ್ಲಿ ಕಬ್ಬಿಣದ ಚೂರು ಕಿಡಿ ಹಾರಿಸಿ ಬೆಂಕಿ ಹತ್ತಿಸಬಾರದು ಅಂತ ಆಗಲೂ ಮ್ಯಾಗ್ನೆಟ್ ಇಡುತ್ತಿದ್ದರು. ಇದು ಆಲ್ನಿಕೊ. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿಸಿ ಎರಕ ಹೊಯ್ದದ್ದು, ರೇರ್ ಅರ್ಥ್ ಸೋಂಕೇ ಇಲ್ಲ. 450 ಡಿಗ್ರಿಗೂ ಜಗ್ಗುವುದಿಲ್ಲ. ಆದರೆ ಇನ್ನೊಂದು ಮ್ಯಾಗ್ನೆಟ್ ಎದುರು ಹಿಡಿದರೆ ಸಾಕು, ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಅದರ ಎರಡು ಕಾಲಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇಟ್ಟಿರುತ್ತೇನೆ, ನಿಯೋಡಿಮಿಯಂ ಇರುವ ಬೀರುವಿನಿಂದ ದೂರ, ಬಾಗಿಲ ಪಕ್ಕದ ಮೇಜಿನ ಮೇಲೆ. ಬಂದವರು ಆ ಪಟ್ಟಿ ಎಳೆಯಲು ನೋಡುತ್ತಾರೆ. ಬರದಿದ್ದಾಗ ಕೇಳುತ್ತಾರೆ, "ಇದು ಎಷ್ಟು ಗಾಸ್?"